1.2 ಕೆ-ಸೀರೀಸ್ ಎಂಜಿನ್: ಚೈನ್ ಬಾಳುವುದು ಆಯಿಲ್ ಮೇಲೆ

ರಿಟ್ಜ್, ಸ್ವಿಫ್ಟ್, ಡಿಸೈರ್, ಬಲೇನೊ, ಇಗ್ನಿಸ್, 1.2 ವ್ಯಾಗನ್ ಆರ್. ಇವುಗಳ ಪೆಟ್ರೋಲ್ ಗಾಡಿಯ ಬಾನೆಟ್ ಎತ್ತಿದರೆ ಕಾಣುವುದು ಹೆಚ್ಚುಕಡಿಮೆ ಒಂದೇ ಮನೆತನದ ಎಂಜಿನ್: ಮಾರುತಿ ಸುಜುಕಿಯ ಕೆ12. ನಾಲ್ಕು ಸಿಲಿಂಡರ್, 1197 ಸಿಸಿ, ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 71.5 ಮಿ.ಮೀ., ಎರಡು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ), ಹದಿನಾರು ವಾಲ್ವ್, ಅಲ್ಯೂಮಿನಿಯಂ ಬ್ಲಾಕ್. ಬೋರ್‌ಗಿಂತ ಸ್ಟ್ರೋಕ್ ತುಸು ಕಡಿಮೆ ಇರುವುದರಿಂದಲೇ ಇದು ಮೇಲಿನ ಆರ್‌ಪಿಎಂನಲ್ಲಿ ಹಗುರಾಗಿ ಏರುತ್ತದೆ. ಕೆಳಗಿನ ಎಳೆತ ಮಾತ್ರ ಸಾಧಾರಣ.

2009ರಲ್ಲಿ ರಿಟ್ಜ್ ಜೊತೆ ಇದು ಬಂದಾಗ 85 ಪಿಎಸ್ ಶಕ್ತಿ, 113 ಎನ್‌ಎಂ ಟಾರ್ಕ್ ಕೊಡುತ್ತಿತ್ತು. 2010ರಲ್ಲಿ ಸ್ವಿಫ್ಟ್‌ನ ಹಳೆಯ 1.3 ಎಂಜಿನ್ ಜಾಗಕ್ಕೆ ಕೂತಿತು. 2011ರ ಹೊಸ ಸ್ವಿಫ್ಟ್‌ನಲ್ಲಿ ವಿವಿಟಿ (ವಾಲ್ವ್ ತೆರೆಯುವ ಸಮಯವನ್ನು ಹಿಂದುಮುಂದು ಮಾಡುವ ವ್ಯವಸ್ಥೆ) ಸೇರಿ 87 ಪಿಎಸ್ ಆಯಿತು. ಡ್ಯುಯಲ್‌ಜೆಟ್ ಎಂದು ಹೆಸರಾದ ಕೆ12ಎನ್‌ನಲ್ಲಿ ಒಂದೊಂದು ಸಿಲಿಂಡರಿಗೂ ಎರಡೆರಡು ಇಂಜೆಕ್ಟರ್, ಎರಡೂ ಕ್ಯಾಮ್‌ಗೆ ವಿವಿಟಿ, 12:1 ಕಂಪ್ರೆಶನ್. 90 ಪಿಎಸ್, 113 ಎನ್‌ಎಂ. ಕಂಪನಿ ಘೋಷಿಸಿದ ಮೈಲೇಜ್ 2011ರ ಸ್ವಿಫ್ಟ್‌ಗೆ ಲೀಟರಿಗೆ 18.6 ಕಿ.ಮೀ. ಇದ್ದದ್ದು 2021ರ ಸ್ವಿಫ್ಟ್‌ಗೆ 23.2 ಆಯಿತು. 2024ರ ಸ್ವಿಫ್ಟ್‌ನಲ್ಲಿರುವ ಝಡ್12ಇ ಬೇರೆಯೇ ಎಂಜಿನ್, ಮೂರು ಸಿಲಿಂಡರಿನದು. ಅದೂ 1197 ಸಿಸಿ ಆದ್ದರಿಂದ ಬಿಡಿಭಾಗ ಕೊಳ್ಳುವಾಗ ಗೊಂದಲವಾಗುತ್ತದೆ, ಎಚ್ಚರ.

ಕೆ12ರಲ್ಲಿ ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸಲು ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. 'ಚೈನ್ ಎಂಜಿನ್, ಏನೂ ನೋಡಬೇಕಾಗಿಲ್ಲ' ಎಂಬ ಮಾತು ಗ್ಯಾರೇಜುಗಳಲ್ಲೂ ಕೇಳುತ್ತದೆ. ಅರ್ಧ ಸತ್ಯ ಅದು. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ವಿವಿಟಿ ಕ್ಯಾಮನ್ನು ತಿರುಗಿಸುವುದೂ ಅದೇ ಆಯಿಲ್. ಆಯಿಲ್ ಕಡಿಮೆಯಾದರೆ, ಕರಿ ಜಿಡ್ಡಾದರೆ ಮೊದಲು ಸೊರಗುವುದು ಇವೆರಡೇ. ಟೆನ್ಷನರ್ ಸಡಿಲಾದಾಗ ಚೈನ್ ತನ್ನನ್ನು ದಾರಿಯಲ್ಲಿಡುವ ಗೈಡಿಗೆ ಹೊಡೆಯುತ್ತದೆ, ಗೈಡ್ ಸವೆಯುತ್ತದೆ, ಚೈನ್ ಉದ್ದವಾಗುತ್ತದೆ. ವಿವಿಟಿಯ ಸಣ್ಣ ಕಿಂಡಿಗಳಲ್ಲಿ ಜಿಡ್ಡು ಕೂತರೆ ಪಿಕಪ್ ಬೀಳುತ್ತದೆ, ಐಡಲ್ ಅಲ್ಲಾಡುತ್ತದೆ, ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಆಮೇಲೆ ಸೆನ್ಸರ್ ಮೇಲೆ ಸೆನ್ಸರ್ ಬದಲಿಸಿದರೂ ಗುಣವಾಗುವುದಿಲ್ಲ.

ಸರ್ವಿಸ್ ಪುಸ್ತಕ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಆದರೆ ಎಂಜಿನ್ ಎಣಿಸುವುದು ಗಂಟೆಗಳನ್ನು. ಹೆದ್ದಾರಿಯಲ್ಲಿ ಸರಾಸರಿ 50ರ ವೇಗದಲ್ಲಿ 10,000 ಕಿ.ಮೀ. ಓಡಲು 200 ಗಂಟೆ ಸಾಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸರಾಸರಿ 15 ಸಿಕ್ಕಿದರೆ ಅದೇ ದೂರಕ್ಕೆ 660 ಗಂಟೆ ದಾಟುತ್ತದೆ. ಮೀಟರ್ ಒಂದೇ, ಆಯಿಲ್ ಪಟ್ಟ ಪಾಡು ಮೂರು ಪಟ್ಟು. ದಿನವೂ ಮೂರ್ನಾಲ್ಕು ಕಿ.ಮೀ. ಹೋಗಿ ನಿಲ್ಲಿಸುವ ಗಾಡಿಯ ಸ್ಥಿತಿ ಇನ್ನೂ ಕೆಟ್ಟದ್ದು: ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಸುಡದ ಪೆಟ್ರೋಲ್ ಮತ್ತು ನೀರಿನಂಶ ಆಯಿಲ್‌ನಲ್ಲೇ ಉಳಿಯುತ್ತದೆ. ಇಂಥ ಗಾಡಿಗಳಿಗೆ 5,000ದಿಂದ 7,000 ಕಿ.ಮೀ.ಗೇ ಆಯಿಲ್ ಬದಲಿಸುವುದು ಒಳ್ಳೆಯದು. ಅದರ ಖರ್ಚು ಚೈನ್ ಕೆಲಸದ ಬಿಲ್ ಮುಂದೆ ಏನೇನೂ ಅಲ್ಲ.

ಆಯಿಲ್ ಗ್ರೇಡ್ ವಿಷಯದಲ್ಲಿ ಕಣ್ಣು ಮುಚ್ಚಿ ಪುಸ್ತಕವನ್ನೇ ನಂಬಿ. 'ನಮ್ಮ ಬಿಸಿಲಿಗೆ ದಪ್ಪ ಆಯಿಲ್ ಬೇಕು' ಎಂದು 20ಡಬ್ಲ್ಯು-40 ಸುರಿಯುವವರಿದ್ದಾರೆ. ಈ ಎಂಜಿನ್ನಿನ ಸಂದುಗಳು ತೆಳು ಆಯಿಲ್‌ಗೆಂದೇ ಮಾಡಿದವು. ಬೆಳಗಿನ ತಣ್ಣನೆ ಸ್ಟಾರ್ಟ್‌ನಲ್ಲಿ ದಪ್ಪ ಆಯಿಲ್ ಟೆನ್ಷನರ್ ತಲುಪುವುದು ತಡ, ಅಷ್ಟು ಹೊತ್ತು ಚೈನ್ ಬಡಿಯುತ್ತಲೇ ಇರುತ್ತದೆ.

ಬದಲಿಸುವಾಗ ಎಂಜಿನ್ ಉಗುರುಬೆಚ್ಚಗಿರಲಿ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಎರಡೂವರೆ ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ, ಆಫ್ ಮಾಡಿ ಐದು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಒರೆಸಿ, ಪೂರ್ತಿ ಒಳಗೆ ತೂರಿಸಿ, ತೆಗೆದು ಎರಡೂ ಬದಿ ನೋಡಿ. ಎರಡು ಬದಿಯಲ್ಲಿ ಬೇರೆ ಬೇರೆ ಮಟ್ಟ ಕಂಡರೆ ಕಡಿಮೆ ಇರುವುದೇ ಸರಿಯಾದ ಲೆಕ್ಕ. ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ ಮೇಲಿನ ಗುರುತಿನ ಹತ್ತಿರ ನಿಲ್ಲಿಸಿ. ಗುರುತು ದಾಟಿ ಹಾಕಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆಗೆ ಒತ್ತಡ ಹಿಡಿಯುವ ಶಕ್ತಿಯಿಲ್ಲ.

ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಶುರುವಾದರೆ ಇಂಜೆಕ್ಟರ್ ಕ್ಲೀನಿಂಗ್‌ಗೆ ದುಡ್ಡು ಕೊಡುವ ಮೊದಲು ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ನೋಡಿ. ಸ್ಕ್ಯಾನರ್‌ನಲ್ಲಿ ಪಿ0302 ಬಂದರೆ ಎರಡನೇ ಸಿಲಿಂಡರ್ ಎಂದರ್ಥ. ಆ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303ಕ್ಕೆ ಹೋದರೆ ಕಾಯಿಲ್ಲೇ ಸತ್ತಿದೆ. ಅಲ್ಲೇ ಉಳಿದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್. ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಾದ ಮೇಲೆಯೇ, ಹೆಡ್ ಅಲ್ಯೂಮಿನಿಯಂ ಆದ್ದರಿಂದ. ಹೊಸದನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಾಕಿ.

ಎಸಿ ಹಾಕಿದಾಗ ಐಡಲ್ ಕುಸಿದರೆ ಬಹುಪಾಲು ಥ್ರಾಟಲ್ ಬಾಡಿಯ ಕಾರ್ಬನ್. ಥ್ರಾಟಲ್ ಕ್ಲೀನರ್ ಅನ್ನು ಬಟ್ಟೆಗೆ ಹಾಕಿ ತಟ್ಟೆಯ ಅಂಚು ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಇಗ್ನಿಷನ್ ಆನ್ ಇದ್ದಾಗ ತಟ್ಟೆಗೆ ಬೆರಳು ತಾಗಿಸಲೇಬಾರದು, ಮೋಟರಿನ ಹಲ್ಲು ಹಾಳಾಗುತ್ತದೆ. ಐಡಲ್ ಸರಿಯಿದ್ದೂ ಸ್ಟೀರಿಂಗ್, ಸೀಟು ನಡುಗುತ್ತಿದ್ದರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿ.

ಸಿಎನ್‌ಜಿ ಹಾಕಿಸಿದವರು ಟ್ಯಾಪೆಟ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ತುಂಡು) ಬಗ್ಗೆ ತಿಳಿದಿರಬೇಕು. ಇದರಲ್ಲಿ ಸಂದನ್ನು ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ. ಸಂದು ಹೊಂದಿಸಬೇಕೆಂದರೆ ಬೇರೆ ದಪ್ಪದ ಬಕೆಟ್ (ಬಟ್ಟಲಿನಂಥ ಟ್ಯಾಪೆಟ್) ಹಾಕಬೇಕು, ಅದಕ್ಕೆ ಕ್ಯಾಮ್ ಬಿಚ್ಚಬೇಕು. ಗ್ಯಾಸ್‌ನಲ್ಲಿ ವಾಲ್ವ್ ಸೀಟ್ ನಿಧಾನವಾಗಿ ಸವೆದಂತೆ ವಾಲ್ವ್ ಮೇಲೇರಿ ಸಂದು ಕಿರಿದಾಗುತ್ತದೆ. ಆಗ ಟಕಟಕ ಶಬ್ದ ಬರುವುದಿಲ್ಲ, ಇದ್ದ ಶಬ್ದವೂ ಅಡಗುತ್ತದೆ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಕೊನೆಗೆ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಹಾಗಾಗಿ ಗ್ಯಾಸ್ ಗಾಡಿಗೆ ಸಂದನ್ನು ಫೀಲರ್ ಗೇಜ್ ಹಾಕಿ ಅಳೆಯಬೇಕು, ಕಿವಿಯಿಂದ ತಿಳಿಯುವುದಿಲ್ಲ.

ಕೂಲಂಟ್ ವಿಷಯ ಚಿಕ್ಕದು: ಟ್ಯಾಂಕಿನಲ್ಲಿ ಯಾವ ಬಗೆಯದಿದೆಯೋ ಅದನ್ನೇ ಹಾಕಿ, ಬೋರ್‌ವೆಲ್ ನೀರು ಬೇಡ. ಕೆಂಪು ಟೆಂಪರೇಚರ್ ದೀಪ ಬಂದರೆ ಮುಂದಿನ ಬಂಕ್‌ವರೆಗೆ ಎಂದು ಎಳೆಯಬೇಡಿ. ಅಷ್ಟರಲ್ಲಿ ಹೆಡ್ ಬಾಗಿರುತ್ತದೆ.

ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ, ಎಂಜಿನ್ ದೋಷವಲ್ಲ. ಹಳೆಯ ಕೆ12 ಗಾಡಿಗಳಲ್ಲಿ ಇಂಧನದ ಹೋಸ್, ಓ-ರಿಂಗ್‌ಗಳನ್ನು ಸರ್ವಿಸ್‌ನಲ್ಲಿ ಮುಟ್ಟಿ ನೋಡಿಸಿ: ಬಿರುಕು, ಜಿಗುಟು, ಪೆಟ್ರೋಲ್ ವಾಸನೆ ಇದ್ದರೆ ಬದಲಿಸಿ. ಎಥನಾಲ್ ನೀರು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಟ್ಯಾಂಕ್ ಅರೆಖಾಲಿ ಬಿಡುವುದು ಒಳ್ಳೆಯದಲ್ಲ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರು ಮಾರುವವರಿಗೆ ಮೊದಲೇ ಹೇಳಿ, ಗಾಡಿ ಸ್ಟಾರ್ಟ್ ಮಾಡಿಡಬಾರದು ಅಂತ. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ಆಯಿಲ್ ಕ್ಯಾಪ್ ಬಿಚ್ಚಿ ಒಳಬದಿಗೆ ಬೆರಳಾಡಿಸಿ: ಜೇನಿನ ಬಣ್ಣದ ಪೊರೆ ಇದ್ದರೆ ಚಿಂತೆಯಿಲ್ಲ, ಉಗುರಿಗೆ ಸಿಗುವಂಥ ಕರಿ ಟಾರು ಇದ್ದರೆ ಆಯಿಲ್ ಬಹಳ ದಿನ ಬದಲಾಗಿಲ್ಲ. ಈಗ ಬೇರೆಯವರಿಂದ ಸ್ಟಾರ್ಟ್ ಮಾಡಿಸಿ ನೀವು ಚೈನ್ ಇರುವ ಬದಿ ನಿಲ್ಲಿ. ಒಂದು ಸೆಕೆಂಡ್ ಗರಗರ ಬಂದು ನಿಂತರೆ ಸರಿ. ಮೂರ್ನಾಲ್ಕು ಸೆಕೆಂಡ್ ಮುಂದುವರಿದರೆ, ಬಿಸಿಯಾದ ಮೇಲೂ ರೇಸ್ ಬಿಟ್ಟಾಗ ಮತ್ತೆ ಕೇಳಿಸಿದರೆ, ಚೈನ್, ಗೈಡ್, ಟೆನ್ಷನರ್ ಮೂರರ ಖರ್ಚನ್ನೂ ಬೆಲೆಯಲ್ಲಿ ಕಳೆದು ಮಾತಾಡಿ.