ಮಿರೆಲ್ಲಾ ಫ್ರೇನಿ: ಐವತ್ತು ವರ್ಷ ಬಾಳಿದ ಗಂಟಲು

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಕಪ್ಪು ಐದನ್ನು ಒತ್ತಿ. ನಮ್ಮ ಶಿರಸಿ, ಹೊನ್ನಾವರ ಕಡೆಯ ಬೈಠಕ್‌ಗಳಲ್ಲಿ ಹಾಡುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರ ಷಡ್ಜ ಕಪ್ಪು ನಾಲ್ಕು, ಇಲ್ಲವೇ ಐದು. ಐದು ಅಂತಲೇ ಇಟ್ಟುಕೊಳ್ಳೋಣ. ಖಯಾಲ್ ಹಾಡುವಾಗ ತಾರ ಷಡ್ಜ ಮುಟ್ಟಿ, ಅದರ ಮೇಲೆ ಗಾಂಧಾರ, ಮಧ್ಯಮ, ಹೆಚ್ಚೆಂದರೆ ಪಂಚಮ ತೋರಿಸಿ ಇಳಿಯುತ್ತಾರೆ. ಇಟಲಿಯ ಸಂಯೋಜಕ ಪುಚ್ಚೀನಿಯ ‘ಮಾದಾಮಾ ಬಟರ್‌ಫ್ಲೈ’ ಆಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ‘ಉನ್ ಬೆಲ್ ದಿ’ ಹಾಡು ಮುಗಿಯುವ ಏರು ಸ್ವರ ಇದೇ ಶ್ರುತಿಯ ಅತಿತಾರ ಷಡ್ಜ. ಅವರದೇ ‘ಲಾ ಬೊಹೆಮ್’ನ ಮೊದಲ ಅಂಕದ ಕೊನೆಗೆ ನಾಯಕಿ ಹಿಡಿಯುವುದು ಅದಕ್ಕೂ ಮೇಲಿನ ಶುದ್ಧ ರಿಷಭ. ಅದೂ ಮೈಕ್ ಇಲ್ಲದೆ, ಎದುರಿಗೆ ಆರ್ಕೆಸ್ಟ್ರಾ ನುಡಿಯುತ್ತಿರುವಾಗ.

ಇಂದು ಗಂಟಲು ಸರಿಯಿಲ್ಲ, ಅರ್ಧ ಮನೆ ಇಳಿಸಿಕೊಳ್ಳೋಣ ಎನ್ನುವ ಅನುಕೂಲ ಅಲ್ಲಿ ಸಾಮಾನ್ಯವಾಗಿ ಇಲ್ಲ. ಶ್ರುತಿಯನ್ನು ಸಂಯೋಜಕ ಬರೆದಿಟ್ಟಾಗಿದೆ. ಹಾಗಾಗಿ ಗಾಯಕಿಯ ಕೈಯಲ್ಲಿ ಉಳಿಯುವುದು ಒಂದೇ: ಯಾವ ಪಾತ್ರ ಒಪ್ಪಬೇಕು, ಯಾವುದನ್ನು ಯಾವ ವಯಸ್ಸಿಗೆ ಒಪ್ಪಬೇಕು. ಇಟಲಿಯ ಸೊಪ್ರಾನೊಗಳಲ್ಲಿ, ಅಂದರೆ ಅತಿ ಎತ್ತರದ ಹೆಣ್ಣು ಕಂಠದವರಲ್ಲಿ, ಈ ಲೆಕ್ಕ ಮಿರೆಲ್ಲಾ ಫ್ರೇನಿಯಷ್ಟು ಚೆನ್ನಾಗಿ ಹಾಕಿದವರು ವಿರಳ.

ಹುಟ್ಟಿದ್ದು ಮೊಡೆನಾದಲ್ಲಿ, 1935ರ ಫೆಬ್ರವರಿ 27ರಂದು. ಅವರ ತಾಯಿ ಮತ್ತು ಮುಂದೆ ಜಗತ್ಪ್ರಸಿದ್ಧ ಗಾಯಕನಾದ ಲುಚಾನೊ ಪವರೊಟ್ಟಿಯ ತಾಯಿ ಒಂದೇ ತಂಬಾಕು ಕಾರ್ಖಾನೆಯ ಕೆಲಸಗಾರರು; ಎರಡೂ ಕೂಸುಗಳು ಬೆಳೆದದ್ದು ಒಬ್ಬಳೇ ದಾದಿಯ ಎದೆಹಾಲಿನಲ್ಲಿ. ಹತ್ತನೇ ವಯಸ್ಸಿಗೆ ಮಿರೆಲ್ಲಾ ರೇಡಿಯೊ ಸ್ಪರ್ಧೆಯೊಂದರಲ್ಲಿ ಇದೇ ‘ಉನ್ ಬೆಲ್ ದಿ’ ಹಾಡಿದರು. ಆಗಿನ ಹೆಸರಾಂತ ಟೆನರ್ (ಎತ್ತರದ ಗಂಡು ಕಂಠದ ಗಾಯಕ) ಬೆನಿಯಮಿನೊ ಜೀಲಿ ಕೊಟ್ಟ ಸಲಹೆ, ಹಾಡುವುದನ್ನು ನಿಲ್ಲಿಸು, ಹದಿನೇಳಾಗುವವರೆಗೆ ಕಾಯಿ ಎಂದು. ಹುಡುಗಿ ಕೇಳಿದಳು. ರಿಯಾಲಿಟಿ ಶೋಗೆ ಮಕ್ಕಳನ್ನು ತಯಾರು ಮಾಡುವ ತಂದೆತಾಯಂದಿರು ಈ ಒಂದು ಸಂಗತಿಯನ್ನಾದರೂ ಗಮನಿಸಬೇಕು. ಬೆಳೆಯುತ್ತಿರುವ ಧ್ವನಿಪೆಟ್ಟಿಗೆಯಿಂದ ದೊಡ್ಡವರ ನಾದ ಹೊರಡಿಸಲು ಹೋದರೆ ಮಗು ಕತ್ತಿನ ಸ್ನಾಯು ಬಿಗಿದು ಸ್ವರ ತಳ್ಳುವುದನ್ನು ಕಲಿಯುತ್ತದೆ. ಆಮೇಲೆ ಆ ಅಭ್ಯಾಸ ಬಿಡಿಸುವುದು ಬಲು ಕಷ್ಟ.

1955ರಲ್ಲಿ ಊರಿನದೇ ರಂಗಮಂದಿರದಲ್ಲಿ ‘ಕಾರ್ಮೆನ್’ನ ಮಿಕಾಯೆಲಾ ಆಗಿ ಮೊದಲ ಪ್ರವೇಶ. ಪಿಯಾನೊ ವಾದಕ ಲಿಯೊನೆ ಮಾಜೇರಾ ಜೊತೆ ಮದುವೆ, ಮಗಳು. ಮಗಳಿಗೂ ಮಿಕಾಯೆಲಾ ಎಂದೇ ಹೆಸರು. ಸ್ವಲ್ಪ ಕಾಲ ಬಿಟ್ಟು ಮತ್ತೆ ರಂಗಕ್ಕೆ ಬಂದವರು 1960ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್‌ನಲ್ಲಿ ಮೊಜಾರ್ಟನ ‘ಡಾನ್ ಜೊವಾನಿ’ಯ ಜೆರ್ಲೀನಾ, 1962ರಲ್ಲಿ ಅವನದೇ ‘ಫಿಗಾರೊ’ದ ಸುಸಾನಾ. 1963ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ, ಆರ್ಕೆಸ್ಟ್ರಾ ನಡೆಸುವ ಹೆಸರಾಂತ ನಿರ್ವಾಹಕ ಕಾರಾಯಾನ್ ಕೈಕೆಳಗೆ, ‘ಲಾ ಬೊಹೆಮ್’ನ ಮಿಮಿ. 1965ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ಗೆ ಕಾಲಿಟ್ಟದ್ದೂ ಮಿಮಿಯಾಗಿಯೇ.

ಈ ಪಾತ್ರಗಳ ಕ್ರಮದಲ್ಲೇ ಗುಟ್ಟಿದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮದ್ದಳೆಯೊಂದೇ ಇರುವಾಗ ಶೃಂಗಾರದ ಪದ್ಯ ಹೇಳುವುದು ಬೇರೆ, ಚಂಡೆ ಕೂಡಿಕೊಂಡಾಗ ಏರುಪದ ಹೇಳುವುದು ಬೇರೆ. ಸುಸಾನಾ ಹಾಡುವಾಗ ಕೆಳಗೆ ತಂತಿವಾದ್ಯ, ಜೋಡಿ ಜೋಡಿ ಗಾಳಿವಾದ್ಯ, ಹೆಚ್ಚಾಗಿ ಅಷ್ಟೇ. ವೆರ್ದಿಯ ‘ಐದಾ’ಕ್ಕೆ ಬಂದರೆ ನಾಲ್ಕು ಹಾರ್ನ್, ಮೂರು ಟ್ರಾಂಬೋನ್, ಅದರ ಕೆಳಗೆ ಇನ್ನೊಂದು ಮಂದ್ರದ ಹಿತ್ತಾಳೆ ವಾದ್ಯ. ಫ್ರೇನಿ ‘ಒಥೆಲೊ’ದ ದೆಸ್ದೆಮೋನಾ ಹಾಡಿದ್ದು 35ಕ್ಕೆ, ಐದಾ ಹಾಡಿದ್ದು 44ಕ್ಕೆ, ಎರಡೂ ಸಾಲ್ಜ್‌ಬರ್ಗಿನಲ್ಲಿ ಕಾರಾಯಾನ್ ಜೊತೆ. ಅದೇ ಕಾರಾಯಾನ್ ಅದಕ್ಕೂ ಭಾರದ ‘ತುರಂದೋತ್’ ಹಾಡು ಎಂದಾಗ ಒಪ್ಪಲಿಲ್ಲ. ಬಟರ್‌ಫ್ಲೈ ಪಾತ್ರವನ್ನು ಧ್ವನಿಮುದ್ರಣಕ್ಕೆ ಹಾಡಿದರು, ಚಲನಚಿತ್ರಕ್ಕೂ ಹಾಡಿದರು, ರಂಗದ ಮೇಲೆ ಮಾತ್ರ ಒಮ್ಮೆಯೂ ಇಲ್ಲ. ಪ್ರವೇಶದಿಂದ ಸಾಯುವವರೆಗೆ ನಾಯಕಿಗೆ ಹೆಚ್ಚುಕಡಿಮೆ ಬಿಡುವೇ ಇಲ್ಲದ ಪಾತ್ರ ಅದು. ಸ್ಟುಡಿಯೊದಲ್ಲಾದರೆ ನಿಲ್ಲಿಸಿ ನೀರು ಕುಡಿದು ನಾಳೆ ಮುಂದುವರಿಸಬಹುದು.

ಎಡವಿದ್ದೂ ಉಂಟು. 1964ರ ಡಿಸೆಂಬರಿನಲ್ಲಿ ಲಾ ಸ್ಕಾಲಾದ ‘ಲಾ ತ್ರಾವಿಯಾತಾ’ದಲ್ಲಿ ಜನ ಕೂಗಿ ಗಲಾಟೆ ಮಾಡಿದರು, ಹಿಂದೆ ಹೆಸರಾಂತ ಸೊಪ್ರಾನೊ ಮಾರಿಯಾ ಕಲ್ಲಾಸ್ ಹಾಡಿದ್ದ ನಾಯಕಿ ವಿಯೊಲೆಟ್ಟಾ ಅಲ್ಲಿಯ ಪ್ರೇಕ್ಷಕರ ಕಿವಿಯಲ್ಲಿತ್ತು. ಪಾತ್ರವೂ ಸುಲಭದ್ದಲ್ಲ. ಮೊದಲ ಅಂಕಕ್ಕೆ ಚುರುಕಾದ ತಾನ, ಎರಡಕ್ಕೆ ತುಂಬು ಕಂಠ, ಮೂರಕ್ಕೆ ಕ್ಷಯದವಳ ಎಳೆಯಂಥ ದನಿ ಬೇಕು.

ಭಾರದ ಪಾತ್ರ ಬೇಗ ಹೊತ್ತರೆ ಏನಾಗುತ್ತದೆ? ಉಸಿರಿನ ಒತ್ತಡ ಹೆಚ್ಚಿಸಿ ಸ್ವರತಂತುಗಳನ್ನು ಬಿಗಿಯಾಗಿ ಅದುಮುವುದು ಶುರುವಾಗುತ್ತದೆ. ಎದೆಯ ದನಿಯನ್ನು ಎಳೆದು ಮೇಲಕ್ಕೆ ತಂದರೆ ನಡುವಿನ ಸ್ವರಗಳು ಪೊಳ್ಳಾಗುತ್ತವೆ, ತುದಿಯ ಸ್ವರ ಶ್ರುತಿಗಿಂತ ಕೂದಲೆಳೆ ಕೆಳಗೆ ನಿಲ್ಲುತ್ತದೆ. ಒಳ್ಳೆಯ ಕಂಠದಲ್ಲಿ ಹಿಡಿದ ಸ್ವರ ಮೇಲೆ ಕೆಳಗೆ ತೂಗುವ ಸಹಜ ಕಂಪನ ಸೆಕೆಂಡಿಗೆ ಸುಮಾರು 5ರಿಂದ 7 ಸಲ. ದಣಿದ ಗಂಟಲಿನಲ್ಲಿ ಅದು ನಿಧಾನವಾಗಿ, ಅಗಲವಾಗಿ ತೂಗುತ್ತದೆ. ಸ್ವರ ಯಾವುದೆಂದೇ ಕಿವಿಗೆ ಸಿಗುವುದಿಲ್ಲ.

ನಮ್ಮಲ್ಲಿ ಅನೇಕರ ಆಕ್ಷೇಪ, ಮೇಲೆ ಹೋದಾಗ ಸಾಹಿತ್ಯ ತಿಳಿಯುವುದಿಲ್ಲ ಎಂದು. ಅದು ಉಚ್ಚಾರದ ಉದಾಸೀನವಲ್ಲ. ‘ಇ’, ‘ಉ’ ಸ್ವರಾಕ್ಷರಗಳಿಗೆ ಬಾಯಿ ಕೊಡುವ ಮೊದಲ ಅನುರಣನ ಸುಮಾರು 300–400 ಹರ್ಟ್ಜ್. ‘ಉನ್ ಬೆಲ್ ದಿ’ಯ ತುದಿಯ ಸ್ವರವೇ 932 ಹರ್ಟ್ಜ್. ಅನುರಣನವನ್ನು ಸ್ವರದವರೆಗೆ ಏರಿಸಲು ದವಡೆ ಇಳಿಸಿ ಬಾಯಿ ಅಗಲಿಸಲೇಬೇಕು. ಆಗ ಎಲ್ಲ ಅಕ್ಷರವೂ ‘ಆ’ದ ಕಡೆ ವಾಲುತ್ತದೆ. ಹಾಗೆ ಮಾಡಿದ್ದಕ್ಕೇ ಮೈಕಿಲ್ಲದ ದನಿ ಕೊನೆಯ ಸಾಲಿಗೆ ಮುಟ್ಟುತ್ತದೆ.

ಫ್ರೇನಿ ಐವತ್ತು ದಾಟಿದ ಮೇಲೂ ಹೊಸ ಪಾತ್ರಗಳನ್ನು ಕಲಿತರು. ಎರಡನೆಯ ಪತಿ ಬಲ್ಗೇರಿಯಾದ ಬಾಸ್ (ಮಂದ್ರ ಕಂಠದ) ಗಾಯಕ ನಿಕೊಲಾಯ್ ಗ್ಯಾವುರೋವ್. ಚೈಕೋವ್‌ಸ್ಕಿಯ ರಷ್ಯನ್ ಪಾತ್ರಗಳು ಫ್ರೇನಿಯ ಕೈಗೆ ಬಂದದ್ದು ಈ ಎರಡನೆಯ ಹಂತದಲ್ಲಿ. ಕೊನೆಯ ಆಪೆರಾ ಕೂಡ ಚೈಕೋವ್‌ಸ್ಕಿಯದೇ: 2005ರ ಏಪ್ರಿಲ್ 11, ವಾಷಿಂಗ್ಟನ್, ಎಪ್ಪತ್ತು ವರ್ಷದ ಫ್ರೇನಿ ಹದಿಹರೆಯದ ಜೋನ್ ಆಫ್ ಆರ್ಕ್. 2020ರ ಫೆಬ್ರವರಿ 9ರಂದು ಮೊಡೆನಾದಲ್ಲೇ ತೀರಿಕೊಂಡರು.

ಕೇಳಲು ಶುರುಮಾಡುವುದಾದರೆ 1972ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಮುದ್ರಿಸಿದ ‘ಲಾ ಬೊಹೆಮ್’ ಹಿಡಿಯಿರಿ. ಕಾರಾಯಾನ್ ಇದ್ದಾರೆ, ನಾಯಕ ರೊಡೊಲ್ಫೊ ಆಗಿ ಪವರೊಟ್ಟಿ. ಮೊದಲ ಅಂಕದ ‘ಸಿ, ಮಿ ಕಿಯಾಮನೊ ಮಿಮಿ’ ಸಾಕು. ಹೂ ಕಸೂತಿ ಹಾಕುವ ಬಡ ಹುಡುಗಿ ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ, ಮಾತಿನಷ್ಟೇ ಮೆಲ್ಲಗೆ. ಹಿಮ ಕರಗಿದಾಗ ಮೊದಲ ಬಿಸಿಲು ನನ್ನದು ಎನ್ನುವಲ್ಲಿ ಆರ್ಕೆಸ್ಟ್ರಾ ಉಕ್ಕುತ್ತದೆ. ಅಲ್ಲಿ ಫ್ರೇನಿ ದನಿಯನ್ನು ತಳ್ಳುವುದಿಲ್ಲ, ಅಗಲಿಸುತ್ತಾರೆ. ಕಂಪನದ ವೇಗ ಒಂದಿಷ್ಟೂ ಬದಲಾಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಆ ಸಾಲಿಗೆ ಮುಂಚಿನ ಉಸಿರನ್ನು ಹುಡುಕಿ ನೋಡಿ.