ನಾಯಿಯ ತುರಿಕೆ: ಚೀಟಿ ಬರೆಯುವ ಮೊದಲು, ಬರೆದ ಮೇಲೆ

ಬೆಂಗಳೂರಿನ ದಕ್ಷಿಣ ಭಾಗದ ಸಾಕುಪ್ರಾಣಿ ಚಿಕಿತ್ಸಾಲಯವೊಂದರಲ್ಲಿ ಪಶುವೈದ್ಯಳಾಗಿರುವ ನಾನು ದಿನನಿತ್ಯ ಕೇಳುವ ದೂರೆಂದರೆ ನಾಯಿಯ ತುರಿಕೆ. "ಡಾಕ್ಟ್ರೇ, ರಾತ್ರಿಯಿಡೀ ಕೆರ್ಕೊಳ್ತಾನೆ, ನಮಗೂ ನಿದ್ದೆಯಿಲ್ಲ, ಹೋದ ಸಲ ಹಾಕಿದ ಇಂಜೆಕ್ಷನ್ನೇ ಹಾಕಿಬಿಡಿ" ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವರು ಕೇಳುವ ಇಂಜೆಕ್ಷನ್ ಸಾಮಾನ್ಯವಾಗಿ ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟೆರಾಯ್ಡ್. ಅದು ಕೆರೆತವನ್ನು ಬೇಗ ತಗ್ಗಿಸುತ್ತದೆ, ಜೊತೆಗೆ ರೋಗದ ಗುರುತುಗಳನ್ನೂ ಮುಚ್ಚಿಬಿಡುತ್ತದೆ. ಪದೇ ಪದೇ ಹಾಕಿಸಿದರೆ ನಾಯಿಗೆ ಬಾಯಾರಿಕೆ, ಹಸಿವು, ಮೂತ್ರ ಹೆಚ್ಚಾಗಿ, ಚರ್ಮ ತೆಳುವಾಗಿ, ಹೊಟ್ಟೆ ಜೋತುಬೀಳುತ್ತದೆ. ಚರ್ಮದೊಳಗೆ ಡೆಮೋಡೆಕ್ಸ್ ಎಂಬ ಸೂಕ್ಷ್ಮ ಹುಳವಿದ್ದರೆ ಅದು ಇನ್ನಷ್ಟು ಕೆರಳುತ್ತದೆ. ನಾಯಿ ನರಳುತ್ತಿದ್ದರೆ ಕೆಲವು ದಿನಗಳ ಮಟ್ಟಿಗೆ ಮಾತ್ರೆ ಕೊಟ್ಟು ಉಪಶಮನ ಮಾಡಲೇಬೇಕು. ಮಾತ್ರೆಯನ್ನಾದರೆ ತೊಂದರೆ ಕಂಡಾಗ ವೈದ್ಯರ ಸಲಹೆಯಂತೆ ನಿಲ್ಲಿಸಬಹುದು.

ತುರಿಕೆಗೆ ಒಂದೇ ಕಾರಣ ಇರುವುದು ಅಪರೂಪ. ಅಲರ್ಜಿಯ ಮೈಗೆ ಚಿಗಟ ಸೇರಿ, ಕೆರೆದ ಗಾಯಕ್ಕೆ ಸೋಂಕು ಸೇರಿ, ಎಲ್ಲ ಕೂಡಿದಾಗ ಪ್ರಾಣಿಗೆ ತಡೆಯಲಾಗದಂತಾಗುತ್ತದೆ. ಇವನ್ನು ಒಂದೊಂದಾಗಿ ಕಳೆಯುತ್ತಾ ಹೋಗುವುದೇ ಚಿಕಿತ್ಸೆ, ಮತ್ತು ಅದರ ಬಹುಪಾಲು ನಡೆಯುವುದು ಮನೆಯಲ್ಲಿ. ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ ಇದೇ: ನಾಯಿಯನ್ನು ಕರೆತಂದವರಿಗಷ್ಟೇ ವಿವರಿಸಿದರೆ ಸಾಲದು, ಅದಕ್ಕೆ ಊಟ ಹಾಕುವವರಿಗೆ ಮತ್ತು ಸ್ನಾನ ಮಾಡಿಸುವವರಿಗೆ ಮಾತು ತಲುಪಬೇಕು.

ಮೊದಲು ನಾನು ಕೇಳುವುದು ಎಲ್ಲಿ ಕೆರೆಯುತ್ತದೆ, ಯಾವಾಗ ಶುರುವಾಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಕಡಿತವಿದೆಯೇ ಎಂದು. ಬಾಲದ ಬುಡ ಮತ್ತು ಸೊಂಟದ ಮೇಲ್ಭಾಗವನ್ನು ಹಲ್ಲಿನಿಂದ ಕಚ್ಚಿಕೊಳ್ಳುವ ನಾಯಿಯಲ್ಲಿ ಚಿಗಟವನ್ನು ಶಂಕಿಸುತ್ತೇನೆ. "ನಮ್ಮನೇಲಿ ಚಿಗಟ ಇಲ್ಲವೇ ಇಲ್ಲ" ಎಂದು ಖಚಿತವಾಗಿ ಹೇಳುವವರ ಎದುರಿಗೇ ಹೇನಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆ ಹತ್ತಿಯ ಮೇಲೆ ಒತ್ತಿ ತೋರಿಸುತ್ತೇನೆ. ಮಣ್ಣಾಗಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾಗಿದ್ದರೆ ನೋಡನೋಡುತ್ತ ಸುತ್ತಲೂ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತಗಳು ಸಾಕು. ನಾಯಿಯ ಮೈಮೇಲೆ ಕಾಣುವ ಪೂರ್ತಿ ಬೆಳೆದ ಚಿಗಟಗಳು ಒಟ್ಟು ಸಂಖ್ಯೆಯಲ್ಲಿ ಸುಮಾರು ಶೇಕಡಾ 5 ಮಾತ್ರ. ಮಿಕ್ಕದ್ದು ಮೊಟ್ಟೆ, ಮರಿಹುಳು, ಕೋಶಗಳ ರೂಪದಲ್ಲಿ ಹಾಸಿಗೆ, ಸೋಫಾದ ಸಂದು, ನೆಲಹಾಸುಗಳಲ್ಲಿ ಇರುತ್ತದೆ. ಬೆಂಗಳೂರಿನ ಹಿತವಾದ ಹವೆ ಅವಕ್ಕೂ ಹಿತವೇ ಆದ್ದರಿಂದ ಇಲ್ಲಿ ಚಿಗಟದ ಔಷಧಿಗೆ ಕಾಲವೆಂಬುದಿಲ್ಲ, ವರ್ಷವಿಡೀ ಬೇಕು, ಮನೆಯ ಎಲ್ಲ ಪ್ರಾಣಿಗಳಿಗೂ ಬೇಕು. ಆದರೆ ನಾಯಿಗೆಂದು ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಅದರ ಪ್ರಾಣಕ್ಕೇ ಅಪಾಯ.

ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟುಗಳಲ್ಲಿ ಕೂದಲುದುರಿ ಹೊಪ್ಪಳೆ ಕಟ್ಟಿದ್ದು, ಕಿವಿಯಂಚನ್ನು ಬೆರಳುಗಳ ನಡುವೆ ಉಜ್ಜಿದೊಡನೆ ಹಿಂಗಾಲು ತಾನಾಗಿ ಕೆರೆಯತೊಡಗಿದರೆ ಅದು ಸಾರ್ಕಾಪ್ಟಿಸ್ ಎಂಬ ಸೂಕ್ಷ್ಮ ಹುಳದಿಂದ ಬರುವ ಕಜ್ಜಿ ಇರಬಹುದು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಈ ಹುಳ ಅನೇಕ ಸಲ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಬಲವಾದ ಅನುಮಾನವಿದ್ದರೆ ಚಿಕಿತ್ಸೆ ಕೊಟ್ಟೇ ನೋಡಬೇಕಾಗುತ್ತದೆ. ಅಫಾಕ್ಸೊಲೇನರ್, ಫ್ಲುರಾಲೇನರ್‌ನಂಥ ಹುಳ ಕೊಲ್ಲುವ ಮಾತ್ರೆಗಳು ಬಂದ ಮೇಲೆ ಇದು ಸುಲಭವಾಗಿದೆ. ಆದರೆ ಫಿಟ್ಸ್ ಬಂದ ಇತಿಹಾಸವಿರುವ ನಾಯಿಯಾದರೆ ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಬೇಕು.

ಇನ್ನು ವಾಸನೆಯ ವಿಷಯ. ಪಾದದ ಬೆರಳುಗಳ ಸಂದು, ಕಂಕುಳು, ಕುತ್ತಿಗೆಯ ಕೆಳಭಾಗ ಜಿಡ್ಡಾಗಿ, ಕಮಟು ವಾಸನೆ ಬರುತ್ತಿದ್ದರೆ ಅಲ್ಲಿಗೆ ಸೆಲ್ಲೋಟೇಪ್ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಮಲಸೀಜಿಯಾ ಎಂಬ ಶಿಲೀಂಧ್ರ ಆರೋಗ್ಯವಂತ ಚರ್ಮದಲ್ಲೂ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಚರ್ಮ ಕೆಟ್ಟಾಗ ವಿಪರೀತ ಬೆಳೆಯುತ್ತದೆ. ಇದಕ್ಕೆ ಶೇಕಡಾ 2ರ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಸೇರಿದ ಶ್ಯಾಂಪೂವನ್ನು ವಾರಕ್ಕೆ ಎರಡು ಬಾರಿ ಬಳಸಲು ಬರೆದುಕೊಡುತ್ತೇವೆ. "ಶ್ಯಾಂಪೂ ಏನೂ ಕೆಲಸ ಮಾಡಲಿಲ್ಲ" ಎಂದು ಮರಳಿ ಬಂದವರನ್ನು ವಿಚಾರಿಸಿದರೆ ಕಾರಣ ತಿಳಿಯುತ್ತದೆ: ಸ್ನಾನ ಮಾಡಿಸಿದ್ದು ಮನೆಗೆಲಸಕ್ಕೆ ಬರುವ ಅಕ್ಕ, ನೊರೆ ಬಂದ ಕೂಡಲೇ ನೀರು ಸುರಿದಿದ್ದಾರೆ, ಅವರಿಗೆ ಯಾರೂ ಬೇರೇನೂ ಹೇಳಿಲ್ಲ. ನೊರೆ ಮೈಮೇಲೆ 10 ನಿಮಿಷ ಇರಬೇಕು, ಚರ್ಮಕ್ಕೆ ಮುಟ್ಟುವಂತೆ ತಿಕ್ಕಬೇಕು, ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಬೆರಳ ಸಂದುಗಳನ್ನು ಒಣಗಿಸಬೇಕು. ಈಗ ಇದನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬೇರೆ ಹಾಳೆಯ ಮೇಲೆ ಬರೆದು ಕೊಡುತ್ತೇನೆ. ಆಗಿಬಂದರೆ ಆ ಅಕ್ಕನೊಂದಿಗೇ ಫೋನಿನಲ್ಲಿ ಮಾತಾಡುತ್ತೇನೆ. ನಾಯಿಯ ಮೈಮೇಲಿನ ಹೊಸ ಗಾಯವನ್ನು ಎಲ್ಲರಿಗಿಂತ ಮೊದಲು ಗುರುತಿಸುವವರು ಕೂಡ ಅವರೇ.

ಮನುಷ್ಯರ ಸೋಪು ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ. ಸೀಮೆಎಣ್ಣೆ, ಕರ್ಪೂರ, ಟೀ ಟ್ರೀ ಎಣ್ಣೆ ಇವೆಲ್ಲ ನೆಕ್ಕಿದರೆ ವಿಷ, ದಯವಿಟ್ಟು ಹಚ್ಚಬೇಡಿ.

ಹುಳವೂ ಸೋಂಕೂ ಹೋದ ಮೇಲೆ ಉಳಿದ ತುರಿಕೆಗೆ ಆಹಾರವನ್ನು ಪರೀಕ್ಷಿಸುತ್ತೇವೆ. ನಾಯಿ ಈವರೆಗೆ ತಿನ್ನದ ಒಂದೇ ಬಗೆಯ ಮಾಂಸ, ಅಥವಾ ಮಾಂಸ ತರದ ಮನೆಯಾದರೆ ಪ್ರೋಟೀನನ್ನು ಸಣ್ಣದಾಗಿ ಒಡೆದು ತಯಾರಿಸಿದ ವಿಶೇಷ ಆಹಾರ, ಕನಿಷ್ಠ 8 ವಾರ. ಕೇಳಲು ಸರಳವೆನಿಸಿದರೂ ನಡೆಸುವುದು ಬಲು ಕಷ್ಟ. ಅಜ್ಜಿ ಕೊಡುವ ಮೊಸರನ್ನ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವರು ಪ್ರೀತಿಯಿಂದ ಹಾಕುವ ಬಿಸ್ಕತ್ತು, ಮಗುವಿನ ತಟ್ಟೆಯಿಂದ ಬಿದ್ದ ಚಪಾತಿ, ಮಾಂಸದ ರುಚಿ ಬೆರೆಸಿದ ಮಾತ್ರೆ, ಇವುಗಳಲ್ಲಿ ಯಾವುದಾದರೊಂದು ಪರೀಕ್ಷೆಯನ್ನು ಕೆಡಿಸಬಲ್ಲದು, ಏಕೆಂದರೆ ನಾಯಿಗಳಿಗೆ ಅಲರ್ಜಿ ತರುವ ಆಹಾರಗಳಲ್ಲಿ ಹಾಲಿನ ಪದಾರ್ಥ, ದನದ ಮಾಂಸ, ಕೋಳಿ, ಗೋಧಿ ಮುಖ್ಯವಾದವು. ಆದ್ದರಿಂದ ಒಮ್ಮೆಯಾದರೂ ಮನೆಯ ಹಿರಿಯರನ್ನು ಕರೆತನ್ನಿ ಎಂದು ಕೇಳಿಕೊಳ್ಳುತ್ತೇನೆ. "ಅಜ್ಜಿ, ಇದು ಎರಡು ತಿಂಗಳ ಪಥ್ಯ" ಎಂದರೆ ಅವರಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ತುರಿಕೆ ಇಳಿದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು, ಕೆರೆತ ಮರಳುವುದೇ ಎಂದು ನೋಡಿದ ನಂತರವೇ ಆಹಾರದ ಅಲರ್ಜಿ ಎನ್ನಬಹುದು.

ಇದೂ ಅಲ್ಲವೆಂದಾದರೆ ಉಳಿಯುವುದು ದೂಳಿನ ನುಸಿ, ಪರಾಗ ಮುಂತಾದವುಗಳ ಅಲರ್ಜಿ. ಸಾಮಾನ್ಯವಾಗಿ 6 ತಿಂಗಳಿನಿಂದ 3 ವರ್ಷದೊಳಗೆ ಶುರುವಾಗುವ ಇದು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್ ತಳಿಗಳಲ್ಲಿ ಹೆಚ್ಚು. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲವೆಂದು ಮೊದಲ ದಿನವೇ ಹೇಳಿಬಿಡುತ್ತೇನೆ. ವರ್ಷ ತುಂಬಿದ ನಾಯಿಗೆ ಒಕ್ಲಾಸಿಟಿನಿಬ್ ಎಂಬ ತುರಿಕೆ ತಗ್ಗಿಸುವ ಮಾತ್ರೆ ಸಾಮಾನ್ಯವಾಗಿ ಒಂದು ದಿನದೊಳಗೆ ಆರಾಮ ಕೊಡುತ್ತದೆ. ಅಲರ್ಜಿಯ ಪ್ರತಿಕ್ರಿಯೆಯನ್ನು ತಗ್ಗಿಸುವ ಇನ್ನೊಂದು ಔಷಧಿ ಸೈಕ್ಲೋಸ್ಪೋರಿನ್ ಆದರೆ 4ರಿಂದ 6 ವಾರ ಕಾಯಬೇಕು. ವಾಕಿಂಗ್ ಮುಗಿಸಿ ಬಂದೊಡನೆ ಪಾದ ಮತ್ತು ಹೊಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುವುದು, ಅದರ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು ಔಷಧಿಯ ಪ್ರಮಾಣವನ್ನು ತಗ್ಗಿಸಲು ನೆರವಾಗುತ್ತವೆ. ಕೆರೆತಕ್ಕೆ ಪ್ರತಿ ವಾರ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳುತ್ತೇನೆ. ಅಂಕ ಏರತೊಡಗಿದರೆ ಔಷಧಿ ಹೆಚ್ಚಿಸುವ ಮೊದಲು ಮತ್ತೆ ಬಾಚಣಿಗೆ ಮತ್ತು ಟೇಪಿನಿಂದಲೇ ಪರೀಕ್ಷೆ ಆರಂಭಿಸುತ್ತೇನೆ.