ಸೌಲನನ್ನು ಬಿಟ್ಟವನು ನಾಬಾಲನನ್ನು ಬಿಡಲು ತಯಾರಿರಲಿಲ್ಲ

12 ಮಾರ್ಚ್ 2024, ಮಂಗಳವಾರ

ಬೈಬಲಿನಲ್ಲಿ ದಿನಕ್ಕೆ ಒಂದೇ ಅಧ್ಯಾಯ ಅಂತ ಇಟ್ಟುಕೊಂಡಿದ್ದೇನೆ. ಇವತ್ತು 1 ಸಮುವೇಲ ಪುಸ್ತಕದ 24, 25, 26 ಮೂರನ್ನೂ ಒಟ್ಟಿಗೆ ಓದಿಬಿಟ್ಟೆ. ಬಿಡಿಬಿಡಿಯಾಗಿ ಓದಿದರೆ ಇದರ ಮಜಾ ಗೊತ್ತಾಗುವುದಿಲ್ಲ.

24ರಲ್ಲಿ ಇಸ್ರಾಯೇಲಿನ ರಾಜ ಸೌಲ, ದಾವೀದನನ್ನು ಕೊಲ್ಲಬೇಕೆಂದು 3000 ಜನರನ್ನು ಕಟ್ಟಿಕೊಂಡು ಹುಡುಕುತ್ತಾ ಏಂಗೆದಿ ಅನ್ನುವ ಜಾಗಕ್ಕೆ ಬರುತ್ತಾನೆ. ದೇಹಬಾಧೆ ತೀರಿಸಿಕೊಳ್ಳಲು ಒಂದು ಗುಹೆಯೊಳಗೆ ಹೋಗುತ್ತಾನೆ. ಅದೇ ಗುಹೆಯ ಒಳಗಡೆ ದಾವೀದ ಕೂತಿದ್ದಾನೆ! ದೇವರೇ ಇವನನ್ನು ನಿನ್ನ ಕೈಗೆ ಕೊಟ್ಟಿದ್ದಾನೆ ಅಂತ ಜೊತೆಯವರು ಹುರಿದುಂಬಿಸುತ್ತಾರೆ. ದಾವೀದ ಸೌಲನ ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸುತ್ತಾನೆ. ಅಷ್ಟಕ್ಕೇ ಅವನ ಮನಸ್ಸು ಚುಚ್ಚುತ್ತದೆ.

ಹಾಗಂತ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಹೊರಗೆ ಬಂದು ಆ ಬಟ್ಟೆಯ ಚೂರನ್ನು ತೋರಿಸಿ, ನಾನೇನು ತಪ್ಪು ಮಾಡಿದ್ದೇನೆ ಅಂತ ಕೂಗಿ ಕೇಳುತ್ತಾನೆ. ಯೆಹೋವನೇ ನಮ್ಮಿಬ್ಬರ ನ್ಯಾಯ ತೀರಿಸಲಿ, ನನ್ನ ಕೈ ಮಾತ್ರ ನಿನ್ನ ಮೇಲೆ ಬೀಳುವುದಿಲ್ಲ ಅನ್ನುತ್ತಾನೆ. ಸೇಡು ಬಿಟ್ಟಿದ್ದಾನೆ, ದೂರು ಬಿಟ್ಟಿಲ್ಲ.

ಈ ವ್ಯತ್ಯಾಸ ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಮರೆತೇ ಹೋಗುತ್ತದೆ. ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡಿ ಅಂತ ಯೇಸುವಿನ ಅಪೊಸ್ತಲ ಪೌಲ ಬರೆದದ್ದು ರೋಮಾಪುರದವರಿಗೆ ಕಳಿಸಿದ ಪತ್ರದ 12:19ರಲ್ಲಿ. ಆ ಮಾತನ್ನು ಅವನು ಎತ್ತಿಕೊಂಡದ್ದು ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡ 32ರಿಂದ. ಆದರೆ ಅದೇ ಪತ್ರದ ಮುಂದಿನ ಅಧ್ಯಾಯದಲ್ಲೇ, ತಪ್ಪು ಮಾಡಿದವನನ್ನು ದಂಡಿಸುವ ಅಧಿಕಾರಿಯೂ ದೇವರ ಸೇವಕನೇ ಅನ್ನುತ್ತಾನೆ. ಗಂಡನ ಹೊಡೆತ ತಿಂದು ಬಂದ ಹೆಂಗಸಿಗೆ 12ನೇ ಅಧ್ಯಾಯ ಓದಿಸಿ, 13 ಬರುವಷ್ಟರಲ್ಲಿ ಪುಸ್ತಕ ಮುಚ್ಚಿಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪೊಲೀಸರ ಹತ್ತಿರ ಹೋಗುವುದು ಸೇಡು ಹೇಗಾಗುತ್ತದೆ? ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆ ಇಲ್ಲದೆ ಏಟು ತಿಂದು ಸೆರೆಮನೆ ಸೇರಿದ ಪೌಲನೇ, ಗುಟ್ಟಾಗಿ ಕಳಿಸಿದರೆ ಹೋಗುವುದಿಲ್ಲ, ಅಧಿಕಾರಿಗಳೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಅಂತ ಪಟ್ಟು ಹಿಡಿದ.

ಇರಲಿ, 25ಕ್ಕೆ ಬರೋಣ. ಕೊಲ್ಲಲು ಬಂದ ರಾಜನನ್ನೇ ಬಿಟ್ಟ ದಾವೀದ, ನಾಬಾಲನೆಂಬ ಸಾಹುಕಾರನ ಒಂದು ಮಾತಿಗೆ ಕತ್ತಿ ಕಟ್ಟುತ್ತಾನೆ. ಏನು ಮಾತು? ದಾವೀದನ ಕಡೆಯವರು ಊಟಕ್ಕೆ ಏನಾದರೂ ಕೊಡು ಅಂತ ಕೇಳಿದಾಗ ಅವನು ಕೊಡದೆ ಹೇಳಿದ್ದು, ದಾವೀದ ಯಾರು, ಈ ಕಾಲದಲ್ಲಿ ಧಣಿಯನ್ನು ಬಿಟ್ಟು ಓಡಿಹೋಗುವ ಆಳುಗಳು ಬಹಳ ಅಂತ. ಅಷ್ಟೇ. 400 ಜನರನ್ನು ಕರೆದುಕೊಂಡು ಹೊರಡುತ್ತಾನೆ. ಬೆಳಗಾಗುವಷ್ಟರಲ್ಲಿ ಅವನ ಮನೆಯ ಒಬ್ಬ ಗಂಡಸನ್ನೂ ಉಳಿಸುವುದಿಲ್ಲ ಅಂತ ಆಣೆ ಬೇರೆ. ನನಗಂತೂ ಇದು ಚೆನ್ನಾಗಿ ಅರ್ಥವಾಗುತ್ತದೆ. ದೊಡ್ಡ ಅನ್ಯಾಯ ಆದಾಗ ಪ್ರಾರ್ಥನೆ ನೆನಪಾಗುತ್ತದೆ. ನಾಲ್ಕು ಜನರ ಎದುರು ಯಾರೋ ಹಗುರವಾಗಿ ಮಾತಾಡಿದರೆ ಮಾತ್ರ, ತಿರುಗಿ ಏನು ಹೇಳಬೇಕಿತ್ತು ಅಂತ ರಾತ್ರಿಯೆಲ್ಲಾ ಲೆಕ್ಕ ಹಾಕುವುದು, ಅಲ್ವಾ?

ದಾರಿಯಲ್ಲಿ ಅವನನ್ನು ತಡೆದವಳು ನಾಬಾಲನ ಹೆಂಡತಿ ಅಬೀಗೈಲ. 200 ರೊಟ್ಟಿ, ಐದು ಕುರಿಯ ಮಾಂಸ, ಅಂಜೂರದ ಉಂಡೆ ಎಲ್ಲ ಕತ್ತೆಗಳ ಮೇಲೆ ಹೇರಿಸಿಕೊಂಡು ಬಂದಿದ್ದಾಳೆ. ಗಂಡ ಒಳ್ಳೆಯವನು ಅಂತ ಅವಳೇನೂ ಹೇಳುವುದಿಲ್ಲ, ಮೂರ್ಖ ಅಂತಲೇ ಹೇಳುತ್ತಾಳೆ. ನಾಳೆ ನೀನು ರಾಜನಾದಾಗ ಸುಮ್ನೆ ರಕ್ತ ಸುರಿಸಿದೆನಲ್ಲ ಅನ್ನುವ ಕೊರಗು ನಿನಗೆ ಇರಬಾರದು ಅನ್ನುವುದು ಅವಳ ವಾದ. ದಾವೀದ ಒಪ್ಪಿ ಹಿಂತಿರುಗುತ್ತಾನೆ. 26ರಲ್ಲಿ ಸೌಲ ಮತ್ತೆ ಸಿಗುತ್ತಾನೆ, ಮಲಗಿದ್ದಾನೆ. ಈ ಸಲ ದಾವೀದ ಅವನ ಈಟಿ ಮತ್ತು ನೀರಿನ ಪಾತ್ರೆ ಎತ್ತಿಕೊಂಡು ಬರುತ್ತಾನೆ, ಅಷ್ಟೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮುಂದೆ ಶಿಮ್ಮೀ ಅನ್ನುವವನು ದಾವೀದನಿಗೆ ಶಾಪ ಹಾಕಿ ಕಲ್ಲು ಎಸೆಯುತ್ತಾನೆ. ನಿನ್ನನ್ನು ಕೊಲ್ಲುವುದಿಲ್ಲ ಅಂತ ದಾವೀದ ಅವನಿಗೆ ಆಣೆ ಇಡುತ್ತಾನೆ. 1 ಅರಸುಗಳು 2ರಲ್ಲಿ, ಸಾಯುವ ಹೊತ್ತಿಗೆ, ಮಗ ಸೊಲೊಮೋನನನ್ನು ಕರೆದು ಅದೇ ಶಿಮ್ಮೀಯನ್ನು ಸುಮ್ಮನೆ ಬಿಡಬೇಡ ಅನ್ನುತ್ತಾನೆ. ಈ ಭಾಗದ ಮೇಲೆ ಯಾರಾದರೂ ಪ್ರಸಂಗ ಮಾಡಿದ್ದನ್ನು ನಾನಂತೂ ಕೇಳಿಲ್ಲ.